ಮೇಷ್ಟ್ರ ಗುಡಿಸಲಿನ ಒಲೆ

ಒಲಾರ ಮೇಷ್ಟ್ರಿಗೆ ಗುಡಿಸಲು ಕಟ್ಟಿಕೊಡಿ ಅಂತ ಊರಿನ ಹೆಂಗಸರನ್ನು ಕೇಳಿದವಳು ನಾನೇ. ಅದರಲ್ಲಿ ನಾಚಿಕೆಯೇನಿಲ್ಲ, ಬೇಕಾದರೆ ಇನ್ನೊಂದು ಸಲ ಕೇಳುತ್ತೇನೆ.

ಯುದ್ಧ ಮುಗಿದು ನಾವೆಲ್ಲ ಶಿಬಿರಗಳಿಂದ ಊರಿಗೆ ವಾಪಸ್ ಬಂದ ಮೇಲೆ ಶಾಲೆಗೆ ಗೋಡೆ ಬಂತು, ತಗಡಿನ ಚಾವಣಿ ಬಂತು. ಮೇಷ್ಟ್ರುಗಳು ಮಾತ್ರ ನಿಲ್ಲಲಿಲ್ಲ. ಇರೋಕೆ ಮನೆಯಿಲ್ಲದೆ ಒಬ್ಬೊಬ್ಬರಾಗಿ ಗುಲು ಪೇಟೆಗೆ ಹೊರಟುಹೋದರು. ಒಲಾರ ಒಬ್ಬನೇ ದಿನಾ ಅಲ್ಲಿಂದ ಸೈಕಲ್ ತುಳಿದು ಬರುತ್ತಿದ್ದ. ಒಂದನೇ ಕ್ಲಾಸಿನ ಮಕ್ಕಳನ್ನು ಮಾವಿನ ಮರದ ಕೆಳಗೆ ಕೂರಿಸಿ, ನಮ್ಮ ಅಚೋಲಿ ಮಾತಲ್ಲೇ ಅಕ್ಷರ ಹಾಡಿಸುತ್ತಿದ್ದ. ಎರಡನೇ ಕ್ಲಾಸಿಗೆ ಪಾಠ ಮಾಡುತ್ತಿದ್ದ ನಾನು ಕಿಟಕಿಯಿಂದ ಕದ್ದು ನೋಡುತ್ತಿದ್ದೆ. ಅವನು ತಲೆಯೆತ್ತಿದರೆ ಸರಕ್ಕನೆ ಬೋರ್ಡಿನ ಕಡೆ ತಿರುಗುತ್ತಿದ್ದೆ.

"ಲನ್ಯೇರೊ ಮೇಡಂ, ಬೋರ್ಡ್ ಖಾಲಿ ಇದೆಯಲ್ಲ, ಅಷ್ಟು ಹೊತ್ತಿಂದ ಏನು ಓದ್ತಿದ್ದೀರಿ?" ಅಂತ ಒಂದು ದಿನ ಕೂಗಿ ಕೇಳಿದ, ಪುಣ್ಯಾತ್ಮ. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು.

ಅಷ್ಟರಲ್ಲಿ ಪೇಟೆಯ ಖಾಸಗಿ ಶಾಲೆಯೊಂದು ಅವನನ್ನು ಕರೆಯಿತು. ಅವನು ಹೋದರೆ ನಮ್ಮ ಒಂದನೇ ಕ್ಲಾಸೇ ಮುಚ್ಚುತ್ತಿತ್ತು. ನನಗಂತೂ ಅವನಿಲ್ಲದ ಆ ಮಾವಿನ ಮರವನ್ನು ನೆನೆಸಿಕೊಳ್ಳೋಕೂ ಆಗುತ್ತಿರಲಿಲ್ಲ. ಹೆಂಗಸರಿಗೆ ಮೊದಲನೆಯದನ್ನಷ್ಟೇ ಹೇಳಿದೆ.

ಗುಡಿಸಲು ಎದ್ದಿತು. ಹುಲ್ಲು ಹೊದಿಸಿದ ದಿನ ಆಸೆಯಿಂದ ನೋಡಲು ಹೋದರೆ, ಪಕ್ಕದಲ್ಲಿ ಒಲೆಯ ಮೂರು ಕಲ್ಲು!

ನಮ್ಮಲ್ಲಿ ಒಂಟಿ ಗಂಡಸಿನ ಗುಡಿಸಲಿಗೆ ಒಲೆ ಹೂಡುವುದಿಲ್ಲ. ಗಂಡಿನ ತಾಯಿ ಬಂದು ಸೊಸೆಗೆಂದು ಹೂಡುತ್ತಾಳೆ. ಹುಡುಗಿ ಅದರಲ್ಲಿ ಬೆಂಕಿ ಹಚ್ಚಿದರೆ ಒಪ್ಪಿದಳು ಅಂತ ಅರ್ಥ.

"ಯಾರಿಗಿದು?" ಅಂದೆ.

"ಆಹಾ, ಏನೂ ಗೊತ್ತಿಲ್ಲದವಳ ಹಾಗೆ!" ಗುಡಿಸಲು ಕಟ್ಟಿದ ಹೆಂಗಸರಲ್ಲಿ ಹಿರಿಯಳಾದ ಓಚಾನನ ತಾಯಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಮದುವೆಯಾಗದ ಹುಡುಗಿ ಬಂದು ಗಂಡಸಿಗೆ ಮನೆ ಕಟ್ಟಿಕೊಡಿ ಅಂದ್ರೆ ನಾವೇನಂತ ತಿಳ್ಕೋಬೇಕು? ಅವನ ಅಮ್ಮನಿಗೆ ಹೇಳಿ ಕಳಿಸಿದ್ವಿ. ಬೆಳಿಗ್ಗೆ ಬಂದು ಇಟ್ಟು ಹೋದ್ಳು."

ಮುಖವೆಲ್ಲ ಬಿಸಿಯಾಯಿತು. ಇದನ್ನು ನೋಡಿದರೆ ಅವನು ನಾಳೆಯೇ ಪೇಟೆ ಸೇರುತ್ತಾನೆ, ಕ್ಲಾಸೂ ಹೋಯಿತು, ಅವನೂ ಹೋದ! ಕಲ್ಲು ಎತ್ತಿ ಎಸೆಯೋಣವೆಂದು ಬಗ್ಗಿದೆ. ಹಿಂದಿನಿಂದ ಬಂದ ಒಲಾರ ಅದೇ ಕಲ್ಲನ್ನು ಅದುಮಿ ಹಿಡಿದ. ಅವನ ಬೆರಳ ತುಂಬ ಸೀಮೆಸುಣ್ಣದ ಪುಡಿ.

"ಎತ್ತಬೇಡಿ. ಅಮ್ಮ ನನ್ನನ್ನ ಕೇಳೇ ಇಟ್ಟಿದ್ದು."

"ನನ್ನನ್ನ ಕೇಳಿದ್ದು ಯಾರು?"

ಹೆಂಗಸರು ಕಿಸಕ್ಕೆಂದರು.

"ಈಗ ಕೇಳ್ತಿದ್ದೀನಿ," ಅಂದ.

"ಪೇಟೆ ಶಾಲೆ?"

"ಬರಲ್ಲ ಅಂತ ಯಾವಾಗಲೋ ಹೇಳ್ಬಿಟ್ಟೆ. ನೀವು ಗುಡಿಸಲು ಕೇಳೋಕೆ ಮುಂಚೆನೇ."

"ಅಂದ್ರೆ ನನಗೋಸ್ಕರ ಉಳಿದಿದ್ದಲ್ಲ?"

"ಉಳಿದಿದ್ದು ಮಕ್ಕಳಿಗೋಸ್ಕರ." ಅವನು ಕಣ್ಣು ತಪ್ಪಿಸಲಿಲ್ಲ. "ನೀವು ನನ್ನ ಆಸೆ."

ಕಲ್ಲಿನ ಮೇಲೆ ನಮ್ಮಿಬ್ಬರ ಕೈಗಳೂ ಹಾಗೇ ಇದ್ದವು. ಅಲ್ಲಿಂದ ತೆಗೆಯೋಕೆ ನನಗೂ ಮನಸ್ಸಿರಲಿಲ್ಲ.

"ಮದುವೆಯಾದ ಮೇಲೂ ನಾನು ಪಾಠ ಬಿಡಲ್ಲ."

"ಬಿಟ್ರೆ ನನ್ನ ಮಕ್ಕಳು ಎರಡನೇ ಕ್ಲಾಸಿಗೆ ಪಾಸಾದಾಗ ಯಾರ ಕೈಗೆ ಒಪ್ಪಿಸ್ಲಿ?"

ಅಳುವೂ ನಗುವೂ ಒಟ್ಟಿಗೇ ಬಂತು. ಅವನ ಮುಖ ನೋಡಿದೆ, ಈ ಸಲ ಎಲ್ಲಿಗೂ ತಿರುಗಲಿಲ್ಲ. ಓಚಾನನ ತಾಯಿಯ ಕಡೆ ಕೈಚಾಚಿದೆ.

"ಅಮ್ಮಾ, ನಿಮ್ಮ ಒಲೆಯಿಂದ ಒಂದು ಕೆಂಡ ತಂದುಕೊಡಿ."