ಆಮೆ ಬಂದ ಶನಿವಾರ

"ಆ ಬಾಗಿಲನ್ನ ಇನ್ನೆಷ್ಟು ಸಲ ನೋಡ್ತೀಯೆ? ನೋಡಿ ನೋಡಿ ಗಾಜು ಸವೆದು ಹೋದೀತು," ಅಂದಳು ಅಮ್ಮ, ತಲೆ ಎತ್ತದೆಯೇ.

"ನಾನು ಬಾಗಿಲು ನೋಡ್ತಿಲ್ಲ. ಗಡಿಯಾರ ನೋಡ್ತಿದ್ದೀನಿ."

"ಗಡಿಯಾರ ಈ ಕಡೆ ಗೋಡೆ ಮೇಲಿದೆ."

ಕಡ್ಡಿ ನಾಲಿಗೆ ಕಚ್ಚಿಕೊಂಡಳು.

ಅಮ್ಮ ಕೆಲಸ ಮಾಡುವುದು ಕನ್ನಡಕದ ಅಂಗಡಿಯಲ್ಲಿ. ಎಳ್ಳುಕಾಳಿನಷ್ಟು ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಯಾರದೋ ಕನ್ನಡಕದ ತೂತಿಗೆ ಇಳಿಸುತ್ತಿದ್ದಳು. ಮಗಳಿಗೆ ಕಡ್ಡಿ ಅಂತ ಹೆಸರಿಟ್ಟವಳೂ ಅಮ್ಮನೇ. ಹುಟ್ಟಿದಾಗ ಮಗು ಕನ್ನಡಕದ ಕಡ್ಡಿಯಷ್ಟೇ ಸಣ್ಣಗಿತ್ತಂತೆ. ಹತ್ತು ವರ್ಷವಾದರೂ ಕಡ್ಡಿ ದಪ್ಪವಾಗಲಿಲ್ಲ, ಉದ್ದ ಮಾತ್ರ ಆದಳು. ಅವಳ ಮಾತೂ ಹಾಗೇ, ಸಣ್ಣದು. ಎಷ್ಟು ಬೇಕೋ ಅಷ್ಟು.

ಇವತ್ತು ಆಮೆ ಬರುತ್ತಾಳೆ. ಅದಕ್ಕೇ ಕಣ್ಣು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ.

ಆಮೆ ಆನ್‌ಲೈನ್ ಫ್ರೆಂಡ್. ರೈಲು ಹಳಿ ಹಾಕುವ ಒಂದು ಗೇಮ್ ಇದೆ. ಇಬ್ಬರು ಸೇರಿ ಗುಡ್ಡ ಕೊರೆದು, ಸೇತುವೆ ಕಟ್ಟಿ, ಊರಿಂದ ಊರಿಗೆ ರೈಲು ಓಡಿಸಬೇಕು. ವರ್ಷದಿಂದ ಆಮೆಯೇ ಕಡ್ಡಿಯ ಜೊತೆಗಾತಿ. ಮನೆಯಲ್ಲಿ ಅಮ್ಮನ ಕಟ್ಟುನಿಟ್ಟು: ಫೋಟೋ ಕಳಿಸಬಾರದು, ನಿಜವಾದ ಹೆಸರು ಹೇಳಬಾರದು, ಮೈಕ್ ಹಾಕಬಾರದು. ಹಾಗಾಗಿ ಆಮೆಯ ಮುಖವನ್ನೂ ನೋಡಿಲ್ಲ, ದನಿಯನ್ನೂ ಕೇಳಿಲ್ಲ.

ಆಮೆ ಚಾಟ್‌ನಲ್ಲಿ ಹೆಚ್ಚು ಬರೆಯುವವಳಲ್ಲ. "ಹೂಂ." "ಸರಿ." "ಆಗಲಿ." ಅಷ್ಟೇ. ಅದೂ ತುಂಬಾ ಹೊತ್ತು ಬಿಟ್ಟು. ಕಡ್ಡಿಗೆ ಅವಳು ಇಷ್ಟವಾಗಿದ್ದೇ ಅದಕ್ಕೆ. 'ಇವಳೂ ನನ್ನ ಹಾಗೆ. ಸುಮ್ಮನೆ ವಟಗುಟ್ಟಲ್ಲ.' ಮನಸ್ಸಿನಲ್ಲೇ ಅವಳ ಚಿತ್ರವನ್ನೂ ಬರೆದುಕೊಂಡಿದ್ದಳು. ತೆಳ್ಳಗಿನ ಹುಡುಗಿ. ಎರಡು ಜಡೆ. ಮೆಲ್ಲನೆ ಮಾತು. ನಗುವುದೂ ಸದ್ದಿಲ್ಲದೆ.

ಇನ್ನೊಂದು ವಿಷಯವಿದೆ. ಗೇಮ್‌ನಲ್ಲಿ ಕಡ್ಡಿಯ ಹೆಸರು ಗುಡುಗು. ಆದರೆ ಗುಡುಗು ಕಡ್ಡಿ ಒಬ್ಬಳೇ ಅಲ್ಲ. ಮನೆಯಲ್ಲಿರುವುದು ಒಂದೇ ಟ್ಯಾಬ್, ಕೂರುವವರು ಇಬ್ಬರು. ಹಳಿ, ಸೇತುವೆ, ಸಿಗ್ನಲ್ ಎಲ್ಲ ಕಡ್ಡಿಯದು. ಚಾಟ್ ಪೂರ್ತಿ ಅವಳ ಎಂಟು ವರ್ಷದ ತಮ್ಮ ಬುಗುರಿಯದು. ಬುಗುರಿ ನಿಂತಲ್ಲಿ ನಿಲ್ಲುವವನಲ್ಲ, ಬಾಯಿ ಮುಚ್ಚುವವನೂ ಅಲ್ಲ. ಒತ್ತಕ್ಷರವೆಲ್ಲ ತಪ್ಪು ಬರೆದು ಜೋಕ್ ಕಳಿಸುತ್ತಾನೆ. ಆಮೆ "ಹ್ಹಹ್ಹ" ಅಂದರೆ ಸಾಕು, ಮಂಚದ ಮೇಲೆ ಹತ್ತಿ ಕುಣಿಯುತ್ತಾನೆ.

ಹೋದ ವಾರ ಅವನು ಸ್ನಾನಕ್ಕೆ ಹೋಗಿದ್ದಾಗ ಆಮೆಯ ಮೆಸೇಜ್ ಬಂತು. "ಶನಿವಾರ ನಿಮ್ಮೂರಿಗೆ ಬರ್ತೀನಿ. ನೋಡೋಣ್ವಾ?"

ಕಡ್ಡಿ ಅದನ್ನು ಅಮ್ಮನಿಗೆ ತೋರಿಸಿದಳು. ಅಮ್ಮ ಆಮೆಯ ಅಪ್ಪನ ಜೊತೆ ಫೋನಿನಲ್ಲಿ ಮಾತಾಡಿ, ಎಲ್ಲ ವಿಚಾರಿಸಿ, "ನಮ್ಮ ಅಂಗಡಿಗೇ ಬರ್ಲಿ, ನನ್ನ ಕಣ್ಣೆದುರು," ಅಂತ ಒಪ್ಪಿದಳು. "ಬುಗುರಿಗೂ ಹೇಳು."

"ನಾನೇ ಹೇಳ್ತೀನಿ," ಅಂದಳು ಕಡ್ಡಿ.

ಹೇಳಲಿಲ್ಲ. ಆ ಮೆಸೇಜನ್ನೂ ಅಳಿಸಿಬಿಟ್ಟಳು. ಬುಗುರಿ ಬಂದರೆ ಕಥೆ ಮುಗಿದ ಹಾಗೆ. ಮಾತೆಲ್ಲ ಅವನದೇ ಆಗುತ್ತದೆ. ಆಮೆಗೂ ತನಗೂ ಮಧ್ಯೆ ಇದ್ದ ಆ ನೆಮ್ಮದಿಯ ಸುಮ್ಮನಿರುವಿಕೆ ಚಿಂದಿಯಾಗುತ್ತದೆ. ಶನಿವಾರ ಬೆಳಿಗ್ಗೆ ಅವನಿಗೆ ಈಜು ಕ್ಲಾಸ್ ಬೇರೆ ಇದೆ. "ಅವನು ಕ್ಲಾಸ್ ಬಿಡಲ್ವಂತೆ," ಅಂತ ಅಮ್ಮನ ಹತ್ತಿರ ಒಂದು ಸುಳ್ಳು ಹೇಳಿದರೆ ಆಯಿತು. ಹೇಳಿಯೂಬಿಟ್ಟಳು.

ಬಾಗಿಲ ಗಂಟೆ ಟಿಣ್ ಅಂದಿತು.

ಮೊದಲು ಒಳಗೆ ಬಂದಿದ್ದು ದನಿ.

"ಗುಡುಗೂ! ಎಲ್ಲಿದ್ದೀಯ? ನೀನೇನಾ? ಅಯ್ಯೋ, ಎಷ್ಟು ಉದ್ದ ಇದ್ದೀಯ! ನಾನು ನೀನು ಗುಂಡುಗುಂಡಗೆ ಇರ್ತೀಯ ಅಂದ್ಕೊಂಡಿದ್ದೆ. ಅಪ್ಪಾ, ಇವಳೇ ನೋಡು! ನಮ್ಮ ವ್ಯಾನ್‌ನಲ್ಲಿ ಹಾಸಿಗೆ ತುಂಬ್ಕೊಂಡು ಬಂದ್ವಿ, ದಾರೀಲಿ ಟೈರ್ ಬೇರೆ ಪಂಕ್ಚರ್, ಅಷ್ಟೊತ್ತೂ ನಾನು ಹಾಸಿಗೆ ಮೇಲೇ ಮಲಗಿದ್ದೆ. ಆಂಟಿ, ನಮಸ್ತೆ! ಇಷ್ಟೊಂದು ಕನ್ನಡಕ ಎಲ್ಲಾ ನಿಮ್ದೇನಾ?"

ಕಡ್ಡಿ ಕುರ್ಚಿಗೆ ಅಂಟಿಕೊಂಡು ನಿಂತಳು. ಎದುರಿಗೆ ಗಟ್ಟಿಮುಟ್ಟಾದ ಒಬ್ಬ ಹುಡುಗಿ. ಹುಡುಗರ ಹಾಗೆ ಕತ್ತರಿಸಿದ ಕೂದಲು. ಟೀ ಶರ್ಟ್ ತುಂಬ ಡೈನೋಸಾರ್. ಜಡೆ ಒಂದೂ ಇಲ್ಲ.

"ನೀನು... ಆಮೆ?"

"ಮತ್ತಿನ್ಯಾರು?"

"ನೀನು ಜಾಸ್ತಿ ಮಾತಾಡಲ್ಲ ಅಲ್ವಾ?"

ಅಷ್ಟರಲ್ಲಿ ಹಿಂದೆ ಬಂದಿದ್ದ ಆಮೆಯ ಅಪ್ಪ ಗಹಗಹಿಸಿ ನಕ್ಕುಬಿಟ್ಟರು. "ಇವಳಾ? ನಿದ್ದೇಲೂ ಮಾತಾಡ್ತಾಳಮ್ಮ ಇವಳು!"

"ಅಪ್ಪಾ, ಸುಮ್ನಿರು," ಅಂದ ಆಮೆ ಜೇಬಿನಿಂದ ಫೋನ್ ತೆಗೆದಳು. ಪರದೆ ಜೇಡರ ಬಲೆಯ ಹಾಗೆ ಒಡೆದಿತ್ತು. "ನೋಡು, ಇದರ ಕೀಬೋರ್ಡ್ ಅರ್ಧ ಸತ್ತೋಗಿದೆ. ಈ ಕಡೆ ಒತ್ತಿದ್ರೆ ಏನೂ ಬರಲ್ಲ. ಒಂದೊಂದು ಅಕ್ಷರ ಬರೋಷ್ಟರಲ್ಲಿ ಪ್ರಾಣ ಹೋಗತ್ತೆ. ಅದಕ್ಕೇ 'ಹೂಂ' ಅಂತೀನಿ. ಹೇಳೋಕೆ ಎಷ್ಟಿರತ್ತೆ ಗೊತ್ತಾ? ಹೊಟ್ಟೆ ಉಬ್ಬರಿಸತ್ತೆ!"

ಒಂದು ವರ್ಷದ 'ಹೂಂ'ಗಳೆಲ್ಲ ಕಡ್ಡಿಯ ಕಣ್ಣೆದುರೇ ಪುಸ್ಸೆಂದು ಗಾಳಿ ಬಿಟ್ಟವು.

"ಇರೋದು ಅರ್ಧ ಗಂಟೆ," ಅಂದರು ಆಮೆಯ ಅಪ್ಪ. "ಇನ್ನೂ ಎರಡು ಮನೆಗೆ ಹಾಸಿಗೆ ಇಳಿಸ್ಬೇಕು." ಅವರು ಕನ್ನಡಿಯ ಮುಂದೆ ಕೂತು ಒಂದೊಂದೇ ಫ್ರೇಮ್ ಹಾಕಿ ನೋಡತೊಡಗಿದರು.

ಆಮೆ ಸ್ಟೂಲ್ ಎಳೆದುಕೊಂಡಳು. "ಈಗ ಜೋಕ್ ಹೇಳು. ಆ ಮೇಕೆ ಜೋಕ್. ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಹೇಳಿದೀನಿ, ಆದ್ರೆ ನಿನ್ನ ಬಾಯಲ್ಲೇ ಕೇಳ್ಬೇಕು."

ಮೇಕೆ ಜೋಕ್! ಅದು ಬುಗುರಿಯದು. ಕಡ್ಡಿ ನೆನಪಿದ್ದಷ್ಟನ್ನು ಒಟ್ಟುಮಾಡಿದಳು.

"ಒಂದು ಮೇಕೆ ಇತ್ತು," ಅಂದಳು. "ಅದು ಪರೀಕ್ಷೆ ಬರೆಯೋಕೆ ಹೋಗಿ ಪೇಪರ್ ತಿಂದ್ಬಿಡ್ತು. ಅದಕ್ಕೆ ಉಪ್ಪು ಕಮ್ಮಿ ಅನ್ನಿಸ್ತು. ಆಮೇಲೆ... ಮೇಷ್ಟ್ರು ಕೇಳಿದ್ರು."

"ಏನು ಕೇಳಿದ್ರು?"

"ಪೇಪರ್ ಹೇಗಿತ್ತು ಅಂತ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ಅಮ್ಮನ ಚಿಮಟ ಕೂಡ ಒಂದು ಕ್ಷಣ ನಿಂತಿತು.

ಆಮೆ ಕಡ್ಡಿಯನ್ನೇ ದಿಟ್ಟಿಸಿದಳು. "ನಿನಗೆ ಹುಷಾರಿಲ್ವಾ?"

"ಹುಷಾರಾಗಿದ್ದೀನಿ."

"ಮತ್ತೆ ಚಾಟಲ್ಲಿ ಅಷ್ಟು ಚೆನ್ನಾಗಿರ್ತೀಯ." ಆಮೆ ಸ್ಟೂಲನ್ನು ಸ್ವಲ್ಪ ಹಿಂದಕ್ಕೆ ಸರಿಸಿದಳು. ದನಿ ಸಣ್ಣಗಾಯಿತು. "ನಾನು ಬಂದಿದ್ದು ಇಷ್ಟ ಆಗಿಲ್ಲ ಅಂದ್ರೆ ಹೇಳು. ನಾವು ಬೇಗ ಹೋಗ್ತೀವಿ, ಪರವಾಗಿಲ್ಲ."

ಆ ಮುಖ ನೋಡಿ ಕಡ್ಡಿಗೆ ಏನೋ ಆಯಿತು. ಇಷ್ಟು ದೂರ ಹಾಸಿಗೆಗಳ ಮೇಲೆ ಕುಲುಕಾಡಿಕೊಂಡು ಬಂದವಳು!

"ಜೋಕ್ ನಂದಲ್ಲ," ಅಂದುಬಿಟ್ಟಳು. "ಗುಡುಗು ಅಂದ್ರೆ ಇಬ್ಬರು. ನಾನು ಹಳಿ ಹಾಕ್ತೀನಿ. ಚಾಟ್ ಮಾಡೋದು ನನ್ನ ತಮ್ಮ. ನೀನು ಬರ್ತೀಯ ಅಂತ ಅವನಿಗೆ ಗೊತ್ತಿಲ್ಲ. ನಾನೇ ಹೇಳಿಲ್ಲ."

ಅಮ್ಮ ಕನ್ನಡಕ ಕೆಳಗಿಟ್ಟಳು. "ಕಡ್ಡೀ?"

ಕಡ್ಡಿ ಅಮ್ಮನ ಮುಖ ನೋಡಲಿಲ್ಲ. "ಕರ್ಕೊಂಡು ಬರ್ತೀನಿ," ಅಂತ ಹೊರಗೆ ಓಡಿದಳು.

ಈಜುಕೊಳ ಅದೇ ರಸ್ತೆಯ ಕೊನೆಯಲ್ಲಿತ್ತು. ಬುಗುರಿ ಗೇಟಿನ ಪಕ್ಕದ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕನನ್ನು ಕಂಡು ಮುಖ ಅರಳಿತು. "ಅಕ್ಕಾ! ಇವತ್ತು ನಾನು ನೀರೊಳಗೆ ಕಣ್ಣು ಬಿಟ್ಟೆ!"

"ಬುಗುರಿ, ಬೇಗ ಬಾ. ಅಂಗಡೀಲಿ ಆಮೆ ಬಂದಿದ್ದಾಳೆ."

"ಯಾವ ಆಮೆ? ನಮ್ಮ ಆಮೆ?" ಅವನು ಟವೆಲ್ ಸಮೇತ ಜಿಗಿದೆದ್ದ. ಆಮೇಲೆ ನಿಂತ. ನಿಂತಲ್ಲಿ ನಿಲ್ಲದವನು ನಿಂತೇಬಿಟ್ಟ. "ನಿನಗೆ ಮೊದಲೇ ಗೊತ್ತಿತ್ತಾ?"

"ಹೂಂ."

"ಯಾವಾಗಿಂದ?"

"ಹೋದ ವಾರದಿಂದ."

ಬುಗುರಿ ಮತ್ತೆ ಬೆಂಚಿನ ಮೇಲೆ ಕೂತ. ಟವೆಲನ್ನು ತಲೆ ಮೇಲೆ ಎಳೆದುಕೊಂಡ. ಒಳಗಿನಿಂದ ದನಿ ಬಂತು: "ನೀನೇ ಆಡ್ಕೋ ಹೋಗು. ನಾನು ಬರಲ್ಲ."

ಅವನು ಕಿರುಚಿದ್ದರೆ, ಕಾಲು ತುಳಿದಿದ್ದರೆ ಕಡ್ಡಿಗೆ ಏನು ಮಾಡಬೇಕು ಅಂತ ಗೊತ್ತಿರುತ್ತಿತ್ತು. ಟವೆಲಿನೊಳಗೆ ಸುಮ್ಮನಾಗಿಬಿಟ್ಟ ಬುಗುರಿಯನ್ನು ಅವಳು ನೋಡಿಯೇ ಇರಲಿಲ್ಲ. ಪಕ್ಕದಲ್ಲಿ ಕೂತಳು. ಬೆಂಚು ಒದ್ದೆಯಿತ್ತು. ಇರಲಿ ಅಂತ ಕೂತೇ ಇದ್ದಳು.

"ನಾನೇ ಗುಡುಗು ಅನ್ನೋ ಹಾಗೆ ಕೂತಿದ್ದೆ," ಅಂದಳು. "ಮೇಕೆ ಜೋಕ್ ಹೇಳು ಅಂದ್ಲು. ಹೇಳ್ದೆ."

ಟವೆಲ್ ಅಲುಗಾಡಲಿಲ್ಲ.

"ಉಪ್ಪು ಕಮ್ಮಿ ಅನ್ನೋದನ್ನ ಮೊದಲೇ ಹೇಳ್ಬಿಟ್ಟೆ."

ಟವೆಲ್ ಸರಕ್ಕನೆ ಕೆಳಗಿಳಿಯಿತು. "ಮೊದಲೇನಾ? ಅದು ಕೊನೇಲಿ ಬರ್ಬೇಕು ಕಣೇ!"

"ಗೊತ್ತು. ಯಾರೂ ನಗಲಿಲ್ಲ. ಅಮ್ಮನೂ."

ಬುಗುರಿಯ ತುಟಿಯ ತುದಿ ಸ್ವಲ್ಪ ನಡುಗಿತು. ಅಳುವೋ ನಗುವೋ ಅವನಿಗೇ ಗೊತ್ತಾಗಲಿಲ್ಲ.

"ತಪ್ಪಾಯ್ತು ಕಣೋ," ಅಂದಳು ಕಡ್ಡಿ. "ಅವಳು ಕೇಳ್ತಿರೋದು ನಿನ್ನನ್ನೇ."

"ನನ್ನನ್ನೇನಾ?" ಬುಗುರಿ ಶರ್ಟ್ ಹುಡುಕಿದ. ಒಳಹೊರಗು ತಿರುವಿ ಹಾಕಿಕೊಂಡ. "ನಿನ್ನ ಜೊತೆ ನಾನು ಇನ್ನೂ ಟೂ ಬಿಟ್ಟಿದ್ದೀನಿ. ಅದು ಬೇರೆ," ಅಂತ ಹೇಳಿ ಅಕ್ಕನಿಗಿಂತ ಮುಂದೆ ಓಡಿದ.

ಅಂಗಡಿಗೆ ಬಂದವನೇ ಬಾಗಿಲಲ್ಲೇ ನಿಂತು, ಗಡ್ಡ ನೀವುವ ಮೇಕೆಯಾಗಿ, ಮೂಗಿನಲ್ಲಿ ಶುರು ಮಾಡಿದ. ಮೇಕೆ ಪರೀಕ್ಷೆ ಹಾಲ್‌ಗೆ ಹೋಯಿತು. ಪಕ್ಕದ ಕುರಿ ಬರೆಯಿತು, ಆಚೆಯ ಹಸು ಬರೆಯಿತು, ಮೇಕೆ ಮಾತ್ರ ಕರಂ ಕುರುಂ ಅನ್ನಿಸುತ್ತಾ ಕೂತಿತ್ತು. "ಹೊರಗೆ ಬಂದಾಗ ಮೇಷ್ಟ್ರು ಕೇಳಿದ್ರು, ಏನಪ್ಪಾ, ಪೇಪರ್ ಹೇಗಿತ್ತು? ಮೇಕೆ ಹೇಳ್ತು, ಮ್ಯಾ... ಚೆನ್ನಾಗಿತ್ತು ಸಾರ್, ಉಪ್ಪು ಸ್ವಲ್ಪ ಕಮ್ಮಿ!"

ಆಮೆ ಸ್ಟೂಲಿನಿಂದ ಬೀಳುವ ಹಾಗೆ ನಕ್ಕಳು. ಅವಳ ಅಪ್ಪನ ಮೂಗಿನ ಮೇಲಿದ್ದ ಗುಲಾಬಿ ಫ್ರೇಮ್ ಜಾರಿ ಬಿತ್ತು. ಅಮ್ಮ ಅದನ್ನು ಗಾಳಿಯಲ್ಲೇ ಹಿಡಿದಳು.

ಆಮೇಲೆ ಆಮೆ, ಬುಗುರಿ ಇಬ್ಬರೂ ಒಟ್ಟಿಗೇ ಮಾತಾಡಿದರು. ಯಾರೂ ಯಾರದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಆದರೂ ಇಬ್ಬರಿಗೂ ಎಲ್ಲ ತಿಳಿಯುತ್ತಿತ್ತು. ಕಡ್ಡಿ ಕನ್ನಡಕದ ಬೀರುವಿಗೆ ಒರಗಿ ನಿಂತಿದ್ದಳು. 'ಅವರಿಬ್ಬರೇ ಫ್ರೆಂಡ್ಸ್. ನಾನು ಬರೀ ಹಳಿ ಹಾಕಿದವಳು.' ಅಂದುಕೊಂಡಿದ್ದೆಲ್ಲ ತಿರುವುಮುರುವಾಗಿತ್ತು. ಆದರೆ ಕೋಪ ಮಾಡಿಕೊಳ್ಳಲು ಮುಖವಿರಲಿಲ್ಲ.

ಇದ್ದಕ್ಕಿದ್ದಂತೆ ಆಮೆ ಅವಳ ಕಡೆ ತಿರುಗಿದಳು.

"ಹಾಗಾದ್ರೆ ಆ ಕಂಬಗಳು?"

"ಯಾವುದು?"

"ನನ್ನ ಸೇತುವೆ ಮುರಿದು ರೈಲು ಹೊಳೆಗೆ ಬಿತ್ತಲ್ಲ. ಬೇಜಾರಾಗಿ ನಾನು ಗೇಮ್ ಮುಟ್ಟೋದೇ ಬಿಟ್ಟಿದ್ದೆ. ಆಮೇಲೆ ಒಂದಿನ ತೆಗೆದು ನೋಡಿದ್ರೆ, ಹೊಳೆಗೆ ಅಡ್ಡಲಾಗಿ ಯಾರೋ ಕಂಬ ನೆಟ್ಟಿದ್ರು. ಸೇತುವೆ ಕಟ್ಟಿರಲಿಲ್ಲ. ಬರೀ ಕಂಬ. ಮೇಲಿಂದು ನಾನೇ ಕಟ್ಲಿ ಅಂತ."

"ಅದು ಅಕ್ಕ," ಅಂದ ಬುಗುರಿ. "ಪೂರ್ತಿ ಕಟ್ಬಿಡೋಣ ಅಂದೆ. ಬೇಡ, ಅದು ಅವಳ ಸೇತುವೆ ಅಂದ್ಲು."

ಆಮೆ ಬಾಯಿ ತೆರೆದಳು. ಅವತ್ತು ಮೊದಲ ಸಲ ಅದರಿಂದ ಏನೂ ಹೊರಗೆ ಬರಲಿಲ್ಲ. ಸ್ಟೂಲಿನಲ್ಲಿ ಸ್ವಲ್ಪ ಸರಿದು, ಪಕ್ಕದಲ್ಲಿ ಜಾಗ ಮಾಡಿ, ಅಂಗೈಯಿಂದ ತಟ್ಟಿದಳು.

ಕಡ್ಡಿ ಹೋಗಿ ಕೂತಳು. ಒಬ್ಬರು ಕೂರುವ ಸ್ಟೂಲ್ ಅದು. ಇಬ್ಬರೂ ಅರ್ಧರ್ಧ ಗಾಳಿಯಲ್ಲೇ ಇದ್ದರು.

ವ್ಯಾನ್ ಹೊರಟಾಗ ಆಮೆ ಕಿಟಕಿಯಿಂದ ತಲೆ ಹಾಕಿ ಏನೋ ಹೇಳುತ್ತಲೇ ಇದ್ದಳು, ತಿರುವು ಬರುವ ತನಕ. ಅಮ್ಮ ಕಡ್ಡಿಯನ್ನು ನೋಡಿ, "ಸುಳ್ಳಿನ ವಿಷಯ ಮನೇಲಿ ಮಾತಾಡೋಣ," ಅಂದಳು. ಆ 'ಮಾತಾಡೋಣ'ದಲ್ಲಿ ಮಾತಾಡುವುದು ಅಮ್ಮ ಒಬ್ಬಳೇ ಅಂತ ಕಡ್ಡಿಗೆ ಗೊತ್ತಿತ್ತು.

ಅಕ್ಕ ತಮ್ಮ ಮನೆ ಕಡೆ ನಡೆದರು. ಬುಗುರಿ ಟೂ ಬಿಟ್ಟಿದ್ದರಿಂದ ಎರಡು ಹೆಜ್ಜೆ ಮುಂದಿದ್ದ. ಸ್ವಲ್ಪ ದೂರ ಹೋದ ಮೇಲೆ ತಡೆಯಲಾಗಲಿಲ್ಲ.

"ಅವಳ ಒಂದು ಶೂ ಲೇಸ್ ಕೆಂಪು, ಇನ್ನೊಂದು ಬಿಳಿ. ನೋಡಿದ್ಯಾ?"

"ಇಲ್ವಲ್ಲ!"

"ಜೋರಾಗಿ ನಗುವಾಗ ಬಾಯಿಗೆ ಕೈ ಅಡ್ಡ ಇಡ್ತಾಳೆ. ಹಲ್ಲಿಗೆ ತಂತಿ ಹಾಕಿದ್ದಾರೆ, ಅದಕ್ಕೆ."

ಕಡ್ಡಿ ಅದನ್ನೂ ನೋಡಿರಲಿಲ್ಲ. ಅಷ್ಟು ಹತ್ತಿರ ಕೂತಿದ್ದರೂ!

"ನಾನೊಂದು ನೋಡ್ದೆ," ಅಂದಳು. "ಒಳಗೆ ಬರೋಕ್ಕಿಂತ ಮುಂಚೆ ಅವಳು ಬಾಗಿಲ ಹೊರಗೆ ನಿಂತಿದ್ಲು. ಅವಳೇ ಆಮೆ ಅಂತ ಆಗ ಗೊತ್ತಾಗಲಿಲ್ಲ. ಗಾಜಿನಲ್ಲಿ ನೋಡ್ಕೊಂಡು ಕೂದಲು ಸರಿ ಮಾಡ್ಕೊಂಡ್ಲು. ಆಮೇಲೆ ದೊಡ್ಡದಾಗಿ ಉಸಿರು ಎಳ್ಕೊಂಡ್ಲು, ನೀನು ನೀರಿಗೆ ಹಾರೋಕ್ಕಿಂತ ಮುಂಚೆ ಮಾಡ್ತೀಯಲ್ಲ, ಹಾಗೆ."

ಬುಗುರಿ ನಿಂತ. "ಆಮೆಗೂ ಭಯ ಆಗಿತ್ತಾ?"

"ಹೌದು ಅನ್ನಿಸತ್ತೆ."

ಹೇಳುವ ತನಕ ಕಡ್ಡಿಗೂ ಅದು ಹೊಳೆದಿರಲಿಲ್ಲ. ಬುಗುರಿ ಸ್ವಲ್ಪ ಹೊತ್ತು ಯೋಚಿಸಿದ. ಅವನು ಯೋಚಿಸುವಾಗ ಹುಬ್ಬುಗಳ ನಡುವೆ ಒಂದು ಸಣ್ಣ ಗೆರೆ ಮೂಡುತ್ತದೆ. ಅದನ್ನು ಕಡ್ಡಿ ಇವತ್ತೇ ಕಂಡಳು.

ಅವಳು ಎರಡು ಹೆಜ್ಜೆ ಬೇಗ ಹಾಕಿ ಅವನ ಪಕ್ಕಕ್ಕೆ ಬಂದಳು.

"ಇನ್ನೇನೇನು ನೋಡ್ದೆ?" ಅಂದಳು. "ಎಲ್ಲಾ ಹೇಳು. ನಿಧಾನಕ್ಕೆ."