ಕನ್ನಡ ಸೆಕ್ಷನ್ನಿನ ಹಾಜರಿ

ಆಂಧ್ರದ ಕಲ್ಯಾಣದುರ್ಗದಿಂದ ಬ್ರಹ್ಮಸಮುದ್ರದ ಕಡೆ ಹೊರಡುವ ಜೀಪಿನಲ್ಲಿ ಹರಿತಾ ಯಾವಾಗಲೂ ಹಿಂದಿನ ಸೀಟಿನ ಮೂಲೆ ಹಿಡಿಯುತ್ತಿದ್ದಳು. ಆವತ್ತು ಅಲ್ಲಿ ಹೊಸ ಮೇಷ್ಟ್ರೊಬ್ಬ ಊಟದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಸಾರ್, ಅದು ನನ್ನ ಜಾಗ."

"ಹೆಸರು ಬರೆದಿಲ್ವಲ್ಲ ಮೇಡಂ?"

"ಬರೆದಿದ್ರೂ ನೀವು ಓದ್ತಿರ್ಲಿಲ್ಲ ಬಿಡಿ. ಕನ್ನಡದಲ್ಲಿರ್ತಿತ್ತು."

ಜೀಪೆಲ್ಲ ನಕ್ಕಿತು. ಕಡ್ಲೆಕಾಯಿ ಕೀಳಲು ಹೊರಟಿದ್ದ ನರಸಕ್ಕ, "ಜರಗಪ್ಪ ಸಾರು, ಜರಗು. ನಮ್ಮ ಕನ್ನಡ ಟೀಚರಮ್ಮನ ಬಾಯಿಗೆ ಸಿಕ್ಕೋರು ಉಳಿಯಕ್ಕಿಲ್ಲ ಕಣಪ್ಪ," ಎಂದಳು. ಅವನು ಜರುಗಿದ. ಜರುಗುವಾಗ ಅವಳ ಮುಖವನ್ನು ಒಮ್ಮೆ ನೋಡಿ, ನೋಡಿದ್ದು ತಿಳಿಯಬಾರದೆಂದು ಕಿಟಕಿಯ ಕಡೆ ತಿರುಗಿದ. ಹರಿತಾಗೆ ಎರಡೂ ತಿಳಿದವು. ಅವಳ ಕಣ್ಣು ಯಾವುದನ್ನೂ ಬಿಡುತ್ತಿರಲಿಲ್ಲ. ಅದೇ ಅವಳ ಕಷ್ಟ.

ಅವನ ಹೆಸರು ಲಕ್ಷ್ಮೀಕಾಂತ್, ಊರು ಹಿಂದೂಪುರ. ಅವಳದೇ ಶಾಲೆಯ ತೆಲುಗು ಸೆಕ್ಷನ್ನಿಗೆ ಬಂದವನು. ಇಬ್ಬರ ತರಗತಿಗಳ ನಡುವೆ ಒಂದೇ ಗೋಡೆ. ಗೋಡೆಯಾಚೆಯಿಂದ ದಿನವಿಡೀ ತೆಲುಗು ಪಾಠ ಕೇಳಿಸುತ್ತಿತ್ತು. ಆದರೆ ಊಟಕ್ಕೆ ಬಿಡುವ ಮುಂಚೆ ಅವನು ಮಕ್ಕಳ ತಲೆ ಎಣಿಸುತ್ತಿದ್ದದ್ದು ಮಾತ್ರ ಒಂದು, ಎರಡು, ಮೂರು ಎಂದೇ.

"ಮನೇಲಿ ಕನ್ನಡಾನಾ ಸಾರ್?" ಎಂದು ಅವಳು ಒಂದು ದಿನ ಕೇಳಿದಳು.

"ಎಣಿಸೋದು, ಬೈಯೋದು ಕನ್ನಡದಲ್ಲೇ ಮೇಡಂ. ಇನ್ನೊಂದೈತೆ, ಅದನ್ನ ಇನ್ನೂ ಯಾರಿಗೂ ಹೇಳಿಲ್ಲ."

ಅವಳು ಆ ಮೂರನೆಯದು ಏನೆಂದು ಕೇಳಲಿಲ್ಲ. ಆವತ್ತು ಸಂಜೆ ಜೀಪಿನಲ್ಲಿ ಮೂಲೆಯ ಜಾಗ ಅವಳಿಗಾಗಿ ಖಾಲಿ ಇತ್ತು, ಮೇಲೆ ಅವನ ಕರವಸ್ತ್ರ ಹಾಸಿತ್ತು.

ಕನ್ನಡ ಸೆಕ್ಷನ್ನಿನಲ್ಲಿ ಹಾಜರಿ ಕೂಗಿದರೆ ಯಾರೂ 'ಪ್ರೆಸೆಂಟ್' ಎನ್ನುವಂತಿರಲಿಲ್ಲ. ಮನೆಯ ಹಿರಿಯರ ಬಾಯಿಂದ ಕೇಳಿದ, ಪುಸ್ತಕದಲ್ಲಿಲ್ಲದ ಒಂದು ಕನ್ನಡದ ಮಾತು ಹೇಳಬೇಕು. ನೆಲದೊಳಗೆ ಕಾಳು ತುಂಬಿಡುತ್ತಿದ್ದ ಹಗೇವು, ಎತ್ತು ಕಟ್ಟಿ ನೀರೆತ್ತುತ್ತಿದ್ದ ಕಪಿಲೆ, ಬೆಣ್ಣೆ ಗಡಿಗೆ ತೂಗಿಸುತ್ತಿದ್ದ ನೆಲುವು, ಹೀಗೆ ದಿನಕ್ಕಿಷ್ಟು ಬಂದು ಗೋಡೆಯ ಚಾರ್ಟ್ ಸೇರುತ್ತಿದ್ದವು. ಮಾತು ಸಿಗದವರು "ಇವತ್ತು ಇಲ್ಲ ಮೇಡಂ" ಎಂದರೆ ಸಾಕು. ಇಲ್ಲದ್ದನ್ನು ಕಟ್ಟಿ ಹೇಳಬಾರದು ಎಂಬುದೊಂದೇ ನಿಯಮ. ನರಸಕ್ಕನ ಮೊಮ್ಮಗಳು ಶ್ರೀವಾಣಿ ಒಮ್ಮೆ ಕಟ್ಟಿ ಹೇಳಿದ್ದಳು. ಸಂಜೆ ಜೀಪು ಹೊರಡುವ ಹೊತ್ತಿಗೆ ಓಡಿಬಂದು, "ಮೇಡಂ, ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು," ಎಂದು ಬಿಕ್ಕಿದ್ದಳು. ತಾನು ಟೀಚರಾದದ್ದಕ್ಕೆ ಹರಿತಾ ಅಂದು ಮೊದಲ ಸಲ ಸಂತೋಷಪಟ್ಟಿದ್ದಳು.

ದಸರೆ ರಜೆ ಕಳೆದ ಮೇಲೆ ಮಂಡಲದ ಶಿಕ್ಷಣಾಧಿಕಾರಿ ಜಯರಾಮಪ್ಪನವರು ಬರುತ್ತಾರೆಂಬ ಸುದ್ದಿ ಬಂತು. ಮಕ್ಕಳು ಕಡಿಮೆ ಇದ್ದರೆ ಕನ್ನಡ ಸೆಕ್ಷನ್ ಮುಚ್ಚಿ ತೆಲುಗಿಗೆ ಸೇರಿಸುವುದು ಖಚಿತ. ಹರಿತಾ ಮನೆಮನೆ ತಿರುಗಿದಳು. "ಕನ್ನಡ ಓದಿ ಕಲ್ಯಾಣದುರ್ಗದಾಗೆ ಏನ್ ಮಾಡ್ತಾವಮ್ಮ?" ಎಂದು ಜನ ಮೆತ್ತಗೇ ಕೇಳಿದರು. ಅವರ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ.

"ನನ್ನ ಸೆಕ್ಷನ್ನಲ್ಲಿ ಮನೇಲಿ ಕನ್ನಡ ಆಡೋ ಮಕ್ಕಳಿದಾವೆ," ಎಂದ ಲಕ್ಷ್ಮೀಕಾಂತ್. "ಅವನ್ನ ಆವತ್ತೊಂದಿನ ನಿಮ್ಮ ಬೆಂಚಲ್ಲಿ ಕೂರಿಸ್ತೀನಿ. ಹೆಸರು ಸೇರಿಸ್ಕೊಳ್ಳಿ."

"ಬೇಡ ಸಾರ್. ಅದು ಸುಳ್ಳು."

"ಸೆಕ್ಷನ್ ಹೋದ್ರೆ ನಿಮ್ಮನ್ನ ಎಲ್ಲಿಗಾದ್ರೂ ಹಾಕ್ತಾರೆ. ಆಮೇಲೆ ನಾನ್ಯಾರಿಗೆ ಜಾಗ ಹಿಡೀಲಿ?" ಅವನ ದನಿ ಇಳಿಯಿತು. "ಇದೊಂದು ದಾಟಲಿ ಹರಿತಾ. ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬತ್ತೀನಿ."

ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಬೇಡವೆನ್ನುವುದನ್ನು ಮರೆತಳು.

ಜಯರಾಮಪ್ಪನವರು ಬಂದ ದಿನ ಬೆಂಚುಗಳು ತುಂಬಿದ್ದವು. ಅವರು ಚಾರ್ಟ್ ಓದಿ ಸಂತೋಷಪಟ್ಟರು. "ಹಗೇವು! ನಮ್ಮಜ್ಜಿ ಅಂತಿದ್ಲು ಕಣಮ್ಮ ಇದನ್ನ. ಎಲ್ಲಿ, ಹಾಜರಿ ಕೂಗು. ನಾನೂ ಕೇಳ್ತೀನಿ."

ಆಗಲೇ ಹರಿತಾಗೆ ಹೊಳೆದದ್ದು. ಹೆಸರು ಬರೆದುಕೊಂಡಿದ್ದಳು, ಯಾರು ಎಲ್ಲಿ ಕೂರಬೇಕೆಂದು ಹೇಳಿದ್ದಳು. ಹಾಜರಿಯ ಪದ್ಧತಿಯೊಂದನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ. ಅದು ಅವಳಿಗೆ ಉಸಿರಾಡುವಷ್ಟು ಸಹಜವಾಗಿ ಹೋಗಿತ್ತು.

ಅವಳ ಮಕ್ಕಳು ಒಬ್ಬೊಬ್ಬರಾಗಿ ಎದ್ದು ಮಾತು ಹೇಳಿದರು. ಎರವಲು ಮಕ್ಕಳಲ್ಲಿ ಮೊದಲನೆಯವಳು ಎದ್ದು, "ಪ್ರೆಸೆಂಟ್ ಸಾರ್," ಎಂದಳು. ಎರಡನೆಯವಳೂ ಹಾಗೇ ಅಂದಳು. ಮೂರನೆಯವಳು ಅಕ್ಕಪಕ್ಕ ನೋಡಿ ಅಳತೊಡಗಿದಳು.

"ಇದೇನಮ್ಮ? ಈ ಪಿಲ್ಲಲು ಎಲ್ಲೀವು?"

"ತೆಲುಗು ಸೆಕ್ಷನ್ನಿನವರು ಸಾರ್," ಎಂದಳು ಹರಿತಾ. ಶ್ರೀವಾಣಿ ಅವಳನ್ನೇ ನೋಡುತ್ತಿದ್ದಳು. ಬೇರೆ ಉತ್ತರ ನಾಲಿಗೆಗೆ ಬರಲಿಲ್ಲ. "ಲೆಕ್ಕಕ್ಕೆ ಕೂರಿಸಿದೀನಿ. ತಪ್ಪಾಯ್ತು."

"ಕಳಿಸಿದ್ದು ಯಾರು?"

ಬಾಗಿಲಲ್ಲಿ ಲಕ್ಷ್ಮೀಕಾಂತ್ ನಿಂತಿದ್ದ. ಹರಿತಾ ಅವನ ಕಡೆ ತಿರುಗಿದಳು. ಬೆಳಿಗ್ಗೆ ಅವಳನ್ನು ನೋಡಿ ಮಿಂಚಿದ್ದ ಆ ಕಣ್ಣು ಈಗ ನೆಲದಲ್ಲಿತ್ತು.

"ಮೇಡಂ ಕೇಳಿದ್ರು ಸಾರ್," ಎಂದ. "ಹೆಣ್ಮಗಳು, ಇಲ್ಲ ಅನ್ನೋಕಾಗ್ಲಿಲ್ಲ. ನಾನು ಬೇಡ ಅಂತಾನೇ ಹೇಳ್ದೆ."

ಎರಡು ತರಗತಿಯ ಮಕ್ಕಳೂ ಕೇಳಿಸಿಕೊಂಡರು. ಅಳುತ್ತಿದ್ದವಳು ಅಳು ನಿಲ್ಲಿಸಿ ತನ್ನ ಮೇಷ್ಟ್ರ ಮುಖ ನೋಡಿದಳು. ಬೆಳಿಗ್ಗೆ ಕೈ ಹಿಡಿದು ತಂದು ಕೂರಿಸಿದವನು ಅವನೇ.

ಹರಿತಾ ಹಾಜರಿ ಪುಸ್ತಕ ಮುಚ್ಚಿದಳು. ಹೆದರಿದ್ದಾನೆ, ಸಂಜೆಯೊಳಗೆ ತಾನೇ ಸರಿಮಾಡುತ್ತಾನೆ ಎಂದುಕೊಂಡಳು. ಸಂಜೆ ಜೀಪಿನಲ್ಲಿ ಮೂಲೆಯ ಜಾಗದಲ್ಲಿ ಬೇರೆ ಯಾರೋ ಇದ್ದರು. ಅವನು ಮುಂದೆ ಡ್ರೈವರ್ ಪಕ್ಕ ಕೂತು ಫೋನ್ ನೋಡುತ್ತಿದ್ದ.

ಸೆಕ್ಷನ್ ಮುಚ್ಚಿತು. ಮಕ್ಕಳು ಗೋಡೆ ದಾಟಿ ಅವನ ತರಗತಿಗೆ ಹೋದರು. ಹರಿತಾಳಿಗೆ ಬಡ್ತಿ ತಡೆದು, ಹಿಂದೂಪುರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕೂರಿಸಿದರು. ಮದುವೆಯಾದ ಮೇಲೆ ಇಬ್ಬರೂ ವರ್ಗ ಮಾಡಿಸಿಕೊಂಡು ಹಿಂದೂಪುರದಲ್ಲೇ ಇರೋಣ ಎಂದು ಅಧಿಕಾರಿ ಬರುವುದಕ್ಕೆ ಮುಂಚಿನ ದಿನಗಳಲ್ಲಿ ಅವನು ಹೇಳುತ್ತಿದ್ದ. ಅವಳೊಬ್ಬಳೇ ಬಂದಳು.

ಒಂದು ಭಾನುವಾರ ಅವನು ಅವಳ ಬಾಡಿಗೆ ಕೋಣೆಯ ರಸ್ತೆಯಲ್ಲಿ ಕಾದಿದ್ದ. ಸೊರಗಿದ್ದ.

"ಇಬ್ರೂ ಯಾಕೆ ಮುಳುಗಬೇಕು ಅನ್ನಿಸ್ತು," ಎಂದ. "ಮುಂದೆ ಒಂದೇ ಮನೆ ತಾನೆ? ಒಬ್ರ ಕೆಲಸನಾದ್ರೂ ನೆಟ್ಟಗಿರ್ಲಿ ಅಂತ."

"ಮೊದಲೇ ಹೇಳಿದ್ರೆ ತಪ್ಪೆಲ್ಲ ನಂದೇ ಅಂತ ನಾನೇ ಹೇಳ್ತಿದ್ದೆ ಸಾರ್. ನಿಮ್ಮ ಹೆಸರೇ ಬರ್ತಿರ್ಲಿಲ್ಲ."

ಅವನು ಚಪ್ಪಲಿಯ ತುದಿಯಿಂದ ರಸ್ತೆಯ ಕಲ್ಲೊಂದನ್ನು ಪಕ್ಕಕ್ಕೆ ತಳ್ಳಿದ.

"ಶ್ರೀವಾಣಿ ಹೆಂಗಿದಾಳೆ?" ಎಂದು ಅವಳು ಕೇಳಿದಳು.

"ಓದ್ತಾಳೆ. ನನ್ನ ಮುಖ ನೋಡಿ ಮಾತಾಡಲ್ಲ."

"ಹಂಗಾದ್ರೆ ನಾಳೆ ಕ್ಲಾಸಲ್ಲಿ ನಿಂತು ಮಕ್ಕಳಿಗೆ ಹೇಳಿ, ಆವತ್ತು ನಾನು ಹೇಳಿದ್ದು ಸುಳ್ಳು ಅಂತ. ಆಫೀಸರಿಗೆ ಬೇಡ, ನನ್ನ ಕೆಲಸಾನೂ ವಾಪಸ್ ಬೇಡ. ಮಕ್ಕಳಿಗಷ್ಟೇ. ಆಮೇಲೆ ಅಮ್ಮನ್ನ ಕರ್ಕೊಂಡು ಬನ್ನಿ. ನಾನು ಒಲ್ಲೆ ಅನ್ನಲ್ಲ."

ಅವನು ಯೋಚಿಸಿದ. ಯೋಚಿಸಿದ್ದು ಅವಳಿಗೆ ಕಂಡಿತು. ಒಂದು ಕ್ಷಣ ಅವನು ಹೂಂ ಅಂದೇಬಿಡುತ್ತಾನೆ ಎಂದು ಅವಳಿಗೆ ಅನ್ನಿಸಿತು.

"ಆಮೇಲೆ ಅವುಗಳ ಮುಂದೆ ನಾನು ಹೆಂಗೆ ನಿಂತ್ಕೊಳ್ಲಿ?" ಎಂದ. "ಬೇರೆ ಏನಾದ್ರೂ ಕೇಳು ಹರಿತಾ. ಪ್ರಾಣ ಕೇಳು, ಕೊಡ್ತೀನಿ. ನೀನಂದ್ರೆ ನನಗೆ ಅಷ್ಟು ಇಷ್ಟ. ಸುಳ್ಳಲ್ಲ."

"ಗೊತ್ತು," ಎಂದಳು ಅವಳು. "ಸುಳ್ಳಲ್ಲ."

ಅವನ ಕಾಲರಿನ ಒಂದು ತುದಿ ಒಳಮಡಚಿಕೊಂಡಿತ್ತು. ಅದನ್ನು ಸರಿಮಾಡಲು ಅವಳ ಕೈ ತಾನಾಗಿ ಮೇಲೆದ್ದಿತು. ಎದ್ದ ಕೈಯನ್ನು ಅವಳು ಇನ್ನಷ್ಟು ಎತ್ತಿ, ಅವನ ಹಿಂದೆ ಬರುತ್ತಿದ್ದ ಆಟೊ ನಿಲ್ಲಿಸಿದಳು.