ಸುಳ್ಳು ಹೇಳಿದ ಟಾರ್ಚು

ಅವಳು ಮೊದಲ ಸಲ ನನ್ನ ಶೆಡ್ಡಿಗೆ ಬಂದಾಗ ಕಂಕುಳಲ್ಲಿ ಒಂದು ಪೇಪರ್ ಕಟ್ಟು, ಕೈಯಲ್ಲಿ ನಾನೇ ಮಾಡಿದ ಟಾರ್ಚು ಇತ್ತು. ಗಿರಾಕಿ ಬಂದರು ಎಂದು ನಾನು ಕುರ್ಚಿ ಒರೆಸಿದೆ. ಅವಳು ಕೂರಲಿಲ್ಲ.

"ಇದನ್ನ ಮಾಡ್ದೋರು ಯಾರು?"

"ನಾನೇ. ಗೌರೀಶ ಅಂತ."

"ನಿಮ್ಮ ಟಾರ್ಚು ಸುಳ್ಳು ಹೇಳ್ತದೆ ಕಣ್ರೀ, ಗೌರೀಶ್."

ಹಾಸನದ ಕೈಗಾರಿಕಾ ವಸಾಹತಿನ ಕೊನೆ ಸಾಲಿನಲ್ಲಿ ನನ್ನ ಶೆಡ್ಡು. ಹತ್ತು ವರ್ಷದಿಂದ ಜೇಬಿನಲ್ಲಿ ಹಿಡಿಸುವಂಥ ಸಣ್ಣ ಟಾರ್ಚುಗಳನ್ನು ಮಾಡುತ್ತಿದ್ದೇನೆ. ಆರು ಜನ ದುಡಿಯುತ್ತಿದ್ದ ಜಾಗದಲ್ಲಿ ಈಗ ನಾನು, ಸೋಲ್ಡರ್ ಮಾಡುವ ಮುದ್ದಮ್ಮ, ಇಬ್ಬರೇ. ಎಲ್ಲರ ಫೋನಿನಲ್ಲೂ ಲೈಟು ಬಂದಿದೆ. ಆನ್‌ಲೈನಿನಲ್ಲಿ ನನ್ನ ಅಸಲಿಗಿಂತ ಅಗ್ಗಕ್ಕೆ ಟಾರ್ಚು ಮನೆ ಬಾಗಿಲಿಗೇ ಬರುತ್ತದೆ. ಆದರೂ ಗದ್ದೆಗೆ ನೀರು ಕಟ್ಟುವವರು, ಬೆಳಗಿನ ಜಾವ ಡೈರಿಗೆ ಹಾಲು ಹಾಕುವವರು, ಫೋನನ್ನು ಒಮ್ಮೆ ಕೆಸರಿಗೆ ಬೀಳಿಸಿ ಬುದ್ಧಿ ಕಲಿತವರು ನನ್ನ ಟಾರ್ಚನ್ನೇ ಕೇಳಿ ಕೊಳ್ಳುತ್ತಾರೆ. ನನಗೆ ಉಳಿದಿದ್ದ ಹೆಮ್ಮೆ ಅದೊಂದೇ. ಅದಕ್ಕೇ ಕೈಹಾಕಿದ ಈ ಹುಡುಗಿಯ ಮೇಲೆ ಸಿಟ್ಟು ಬಂತು.

"ಟಾರ್ಚು ಬೆಳಕು ಕೊಡ್ತದೆ. ಮಾತಾಡಲ್ಲ," ಎಂದೆ.

ಅವಳು ಪೇಪರ್ ಬಿಚ್ಚಿದಳು. ಒಳಗೆ ಸೀದ ರೊಟ್ಟಿಯ ಬಣ್ಣದ ಹೊಗೆಸೊಪ್ಪು. ಹೆಸರು ಪ್ರತಿಭಾ, ರಾಮನಾಥಪುರದ ಹತ್ತಿರ ಊರು, ಸೊಪ್ಪು ಬೇಯಿಸುವ ಮನೆಯನ್ನು, ಅಂದರೆ ಬ್ಯಾರನ್ನನ್ನು, ಮೂರು ವರ್ಷದಿಂದ ತಾನೇ ನೋಡಿಕೊಳ್ಳುತ್ತಿದ್ದೇನೆ ಎಂದಳು. ಹಸಿ ಸೊಪ್ಪನ್ನು ಬ್ಯಾರನ್ನಿಗೆ ತುಂಬಿ ಸಣ್ಣ ಬೆಂಕಿಯಲ್ಲಿ ಹಳದಿಯಾಗುವ ತನಕ ಕಾಯಬೇಕು. ಹಳದಿಯಾದ ಕೂಡಲೇ ಬೆಂಕಿ ಏರಿಸಬೇಕು. ಒಳಗೆ ನಡುಮಧ್ಯಾಹ್ನವೂ ಕತ್ತಲೆ. ಗೋಡೆಯ ಗಾಜಿನ ಕಿಂಡಿಯಿಂದ ಟಾರ್ಚು ಬಿಟ್ಟೇ ಬಣ್ಣ ನೋಡಬೇಕು. ಅವಳ ಅಪ್ಪನ ಹಳೆಯ ಟಾರ್ಚಿನ ಬಲ್ಬು ಹೋಗಿ, ಅಂಥ ಬಲ್ಬು ಎಲ್ಲೂ ಸಿಗದೆ, ಅರಕಲಗೂಡಿನ ಅಂಗಡಿಯಲ್ಲಿ ನನ್ನದನ್ನು ಕೊಂಡಿದ್ದಳು.

"ನಿಮ್ಮ ಬೆಳಕಲ್ಲಿ ಇನ್ನೂ ಹಸಿರು, ಇನ್ನೂ ಹಸಿರು ಅಂತ ಕಾದೆ. ಅದು ಆಗ್ಲೇ ಹಳದಿ ಆಗಿತ್ತು. ಕಾದೂ ಕಾದೂ ಕಂದೋಯ್ತು. ಒಂದಿಡೀ ಬ್ಯಾರನ್ನು."

"ನೋಡೋಕೆ ಬರದಿದ್ರೆ ಟಾರ್ಚೇನು ಮಾಡ್ತದೆ?" ಎಂದುಬಿಟ್ಟೆ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವಳು ಜಗಳ ಮಾಡಲಿಲ್ಲ. ಸುತ್ತ ನೋಡಿದಳು. ಬಾಗಿಲಿಗೆ ದೃಷ್ಟಿಗೆಂದು ಮೆಣಸಿನಕಾಯಿಯ ಜೊತೆ ಕಟ್ಟಿದ್ದ ನಿಂಬೆಹಣ್ಣನ್ನು ಕಿತ್ತುಕೊಂಡಳು. "ಅಕ್ಕಾ, ನೀವೂ ಬನ್ನಿ," ಎಂದು ಮುದ್ದಮ್ಮನನ್ನೂ ಕರೆದು, ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿ, ನನ್ನ ಟಾರ್ಚು ಹೊತ್ತಿಸಿದಳು.

ಅವಳ ಅಂಗೈ ಮೇಲಿದ್ದದ್ದು ನಿಂಬೆಕಾಯಿ. ತಿಳಿ ಹಸಿರು.

"ಅಯ್ಯೋ ಶಿವನೆ," ಎಂದಳು ಮುದ್ದಮ್ಮ. "ಬೆಳಗ್ಗೆ ನಾನೇ ಕಟ್ಟಿದ್ನಲ್ಲಪ್ಪ, ಹಣ್ಣೇ ಕಟ್ಟಿದ್ದೆ."

ತಪ್ಪು ಎಲ್ಲಾಯಿತೆಂದು ನನಗೆ ಆ ಕ್ಷಣವೇ ಹೊಳೆಯಿತು. ಅಂಗಡಿಗೆ ಬಂದ ಗಿರಾಕಿ ಟಾರ್ಚನ್ನು ಗೋಡೆಗೆ ಬಿಟ್ಟು ನೋಡುತ್ತಾನೆ. ಯಾವುದು ಬೆಳ್ಳಗೆ ಬೀಳುತ್ತದೋ ಅದನ್ನು ಕೊಳ್ಳುತ್ತಾನೆ. ಆ ಗೋಡೆಯ ಪಂದ್ಯ ಗೆಲ್ಲಲೆಂದೇ ಯುಗಾದಿಯ ಹೊತ್ತಿಗೆ ನಾನು ನೀಲಿ ಕಡೆ ವಾಲುವ ಬಿಳಿ ಎಲ್‌ಇಡಿ ಹಾಕಿದ್ದೆ. ಗೆದ್ದೂ ಇದ್ದೆ. ಆ ಬೆಳಕಿನಲ್ಲಿ ಯಾರಾದರೂ ಬಣ್ಣ ನೋಡಬೇಕಾದೀತು ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ.

"ತಪ್ಪು ನಂದೇ," ಎಂದೆ.

ರಾಮನಾಥಪುರದಿಂದ ಇಲ್ಲಿಯ ತನಕ ಎರಡು ಬಸ್ಸಿನಲ್ಲಿ ಜಗಳಕ್ಕೆ ಮಾತು ಜೋಡಿಸಿಕೊಂಡು ಬಂದಿದ್ದಳು. ಅಷ್ಟೂ ಮಾತು ಕೆಲಸಕ್ಕೆ ಬಾರದೆ ಹೋದವು. ಈಗ ಕುರ್ಚಿಯ ಮೇಲೆ ಕೂತಳು. ಮುದ್ದಮ್ಮ ಕೊಟ್ಟ ಟೀ ಕುಡಿಯುತ್ತಾ, ಲೋಟದ ಅಂಚಿನಿಂದ ನನ್ನನ್ನು ಒಮ್ಮೆ ನೋಡಿ, ಕೂಡಲೇ ಸೋಲ್ಡರ್ ಟೇಬಲ್ಲಿನ ಕಡೆ ನೋಡಿದಳು. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು.

"ಮುಂದಿನ ವಾರ ಗಿಡದ ನಡುಸೊಪ್ಪು ಮುರೀತೀವಿ," ಎಂದಳು. "ವರ್ಷಕ್ಕೆಲ್ಲಾ ಒಳ್ಳೆ ಸೊಪ್ಪು ಅದೇಯ. ಅದೂ ಕೆಟ್ರೆ ಬ್ಯಾರನ್ನ ನಮ್ಮೂರ ಹುಚ್ಚಯ್ಯಂಗೆ ಗುತ್ತಿಗೆಗೆ ಕೊಡ್ತೀನಿ ಅಂದವ್ರೆ ಅಪ್ಪ. ನಿನ್ ಕೈಲಾಗಲ್ಲ ಬುಡವ್ವ ಅಂದ್ರು. ಬೈದಿದ್ರೆ ತಡ್ಕಬೋದಿತ್ತು. ಮೆತ್ತಗೆ ಅಂದ್ರು."

"ಸೊಪ್ಪಿನ ಬಣ್ಣ ಇದ್ದಂಗೇ ತೋರಿಸೋ ಟಾರ್ಚು ತರ್ತೀನಿ. ಭಾನುವಾರ ಬರ್ತೀನಿ."

"ಬಂದ್ರೆ ಸರಿ," ಎಂದಳು, ನಂಬಿಕೆಯಿಲ್ಲದ ದನಿಯಲ್ಲಿ.

ಭಾನುವಾರ ಐದು ಟಾರ್ಚು ತೆಗೆದುಕೊಂಡು ಹೋದೆ, ಐದಕ್ಕೂ ಬೇರೆ ಬೇರೆ ಎಲ್‌ಇಡಿ. ಅವಳ ಅಪ್ಪ ಪರಮಶಿವಯ್ಯ ಸೌದೆ ರಾಶಿಯ ಪಕ್ಕ ಕೂತಿದ್ದರು. ಹಣೆ ತುಂಬ ವಿಭೂತಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಟಾರ್ಚಿನೋನು ನೀನೇಯಾ?" ಎಂದರು. ಹೌದು ಯಜಮಾನ್ರೆ ಎಂದೆ. ಅವರು ಬ್ಯಾರನ್ನಿನ ಕಡೆ ಕೈ ತೋರಿಸಿದರು.

ಬ್ಯಾರನ್ನಿಗೆ ಇದ್ದದ್ದು ಒಂದೇ ಕಿಂಡಿ, ಹೋಳಿಗೆಯಷ್ಟು ಅಗಲ. ಒಳಗೆ ಕಡ್ಡಿಗೆ ಕಟ್ಟಿದ ಕೆಳಸೊಪ್ಪು. ಅವಳು ನೋಡಬೇಕು, ಆಮೇಲೆ ನಾನು ನೋಡಬೇಕು. ಗಾಜಿಗೆ ಅವಳ ಉಸಿರು ಕಟ್ಟಿದ ಮಬ್ಬು ಆರುವ ಮೊದಲೇ ನಾನು ಮುಖ ಇಡುತ್ತಿದ್ದೆ. ಅವಳು ಎಡಗಣ್ಣು ಮುಚ್ಚಿ, ತುಟಿಯನ್ನು ಒಂದು ಬದಿಗೆ ಎಳೆದುಕೊಂಡು ನೋಡುತ್ತಾಳೆ. ನಾನು ಸೊಪ್ಪಿಗಿಂತ ಆ ತುಟಿಯನ್ನೇ ಹೆಚ್ಚು ನೋಡಿದೆ.

"ಸೊಪ್ಪು ಒಳಗದೆ," ಎಂದಳು, ತಿರುಗದೆ.

"ಗೊತ್ತು."

"ಗೊತ್ತಿದ್ದೋರು ಇತ್ಲಾಗ್ಯಾಕೆ ನೋಡ್ತೀರಾ?"

ನಾಲ್ಕನೇ ಟಾರ್ಚು ಸರಿಹೋಯಿತು. ಬಿಸಿಲಿನಲ್ಲಿ ಹಿಡಿದ ಎಲೆಗೂ ಕಿಂಡಿಯೊಳಗಿನ ಎಲೆಗೂ ಒಂದೇ ಬಣ್ಣ. ಆದರೆ ಬೆಳಕು ತುಸು ಅರಿಶಿನದಂತೆ. ಪರಮಶಿವಯ್ಯ ಅದನ್ನು ಗೋಡೆಗೆ ಬಿಟ್ಟು, "ಬ್ಯಾಟ್ರಿ ಸತ್ತಂಗದಲ್ಲಪ್ಪ," ಎಂದರು. ಆದರೂ ಅದನ್ನು ಪ್ರತಿಭಾಳ ಕೈಯಲ್ಲೇ ಬಿಟ್ಟು ಬಂದೆ.

ಆ ವಾರ ನಾನು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸುತ್ತಿ, ಅಂಗಡಿಗಳಲ್ಲಿದ್ದ ನನ್ನ ಬಿಳಿ ಟಾರ್ಚುಗಳನ್ನೆಲ್ಲ ವಾಪಸ್ ಚೀಲಕ್ಕೆ ತುಂಬಿದೆ. ಚನ್ನರಾಯಪಟ್ಟಣದ ಶಾಂತಿರಾಜ ನನ್ನ ದೊಡ್ಡ ವ್ಯಾಪಾರಿ, ನಯವಾದ ಮನುಷ್ಯ. ಹೊಸದನ್ನು ಗೋಡೆಗೆ ಬಿಟ್ಟು ನೋಡಿ ನನ್ನ ಕೈಗೇ ಕೊಟ್ಟರು. "ಹಳದಿ ಬೆಳಕು ಯಾರೂ ತಗಳಲ್ಲ ಗೌರೀಶಪ್ಪ. ಇದ್ನೇ ಮಾಡ್ತೀನಿ ಅಂದ್ರೆ ನನ್ ಕೈಲಿ ಮಾರಕ್ಕಾಗಲ್ಲ." ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನನಗೇನು ಹುಚ್ಚು ಹಿಡಿದಿದೆಯೇ ಎಂದು ದಾರಿಯುದ್ದಕ್ಕೂ ಕೇಳಿಕೊಂಡೆ. ಹಿಡಿದಿತ್ತು. ಅದರ ಹೆಸರೂ ನನಗೆ ಗೊತ್ತಿತ್ತು.

ಇನ್ನೊಂದು ವಿಷಯವೂ ಗೊತ್ತಾಗಿತ್ತು. ಪ್ರತಿಭಾಗೆ ಕಂಡಕ್ಟರ್ ಅಣ್ಣ, ಟೀ ಅಂಗಡಿಯವನು ಅಣ್ಣ, ಸೌದೆ ತರುವವನೂ ಅಣ್ಣ. ನಾನು ಮಾತ್ರ ಬರೀ "ರೀ". ಇದನ್ನು ಮುದ್ದಮ್ಮನಿಗೆ ಹೇಳಿದೆ. ಅವಳು ಸೋಲ್ಡರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ಮಗಾ ಮೊದಲ್ನೇ ದಿನ್ವೇ ಸರಿಯಾಗಿ ನೋಡ್ಯದೆ ಕಣಪ್ಪ. ನೀನೇ ನೋಡ್ದಿರೋನು," ಎಂದಳು.

ನಡುಸೊಪ್ಪು ತುಂಬಿದ ಎರಡನೇ ದಿನ ಮಧ್ಯಾಹ್ನ ಪ್ರತಿಭಾಳ ಫೋನು ಬಂತು. "ಈಗ್ಲೇ ಬನ್ನಿ," ಎಂದಳು, ಇಟ್ಟಳು. ಸ್ನೇಹಿತನ ಬೈಕು ಬೇಡಿ ತೆಗೆದುಕೊಂಡು ಹೋದೆ. ಕಿಂಡಿಯ ಮುಂದೆ ಅಪ್ಪ ಮಗಳು ಇಬ್ಬರೂ ಮುಖ ಬಿಗಿದುಕೊಂಡು ನಿಂತಿದ್ದರು.

"ಅಳದಿ ಬೆಳ್ಕು ಬುಟ್ರೆ ಯಾವ್ದಾದ್ರೂ ಅಳದೀನೇ ಕಾಣೋದು," ಎಂದರು ಪರಮಶಿವಯ್ಯ. "ಒಳಗೆ ಇನ್ನೂ ಅಸಿ ಅದೆ. ಸಂಜೆಗಂಟ ತಡಿ."

"ಆಗ್ಯದೆ ಅಪ್ಪಾ. ಸಂಜೆಗಂಟ ಬಿಟ್ರೆ ಹೋದ್ಸಲದಂಗೇ ಕಂದೋಗ್ತದೆ."

"ಓದ್ಸಲಾನೂ ನೀನು ಟಾರ್ಚು ನಂಬೇ ಕೆಟ್ಟಿದ್ದು."

ಆ ಮಾತು ನನಗೂ ತಾಗಿತು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಈಗ ಬೆಂಕಿ ಏರಿಸಿದ್ದು ಬೇಗವಾದರೆ ಸೊಪ್ಪು ಹಸಿರಾಗಿಯೇ ಉಳಿಯುತ್ತದೆ, ತಡವಾದರೆ ಕಂದುತ್ತದೆ. ಎರಡಕ್ಕೂ ಹರಾಜಿನಲ್ಲಿ ಬೆಲೆಯಿಲ್ಲ. ಬ್ಯಾರನ್ನು ಹುಚ್ಚಯ್ಯನ ಪಾಲಾಗುತ್ತದೆ.

ಅವಳು ನನ್ನ ಕಡೆ ತಿರುಗಿದಳು. "ನೀವು ಹೇಳಿ. ಈ ಬೆಳಕು ನಿಜಾನಾ?"

"ಹಸಿರು ಎಲೆ, ಹಳದಿ ಎಲೆ ಎರಡೂ ಹಿಡಿದು ಶೆಡ್ಡಿನಲ್ಲಿ ನೂರು ಸಲ ನೋಡಿದ್ದೀನಿ. ಬೆಳಕು ನಿಜ. ಸೊಪ್ಪು ನನಗೆ ಗೊತ್ತಿಲ್ಲ. ಅದು ನಿಮಗೇ ಗೊತ್ತಿರೋದು."

ಅವಳು ಇನ್ನೊಮ್ಮೆ ಕಿಂಡಿಗೆ ಮುಖ ಇಟ್ಟಳು. ತುಂಬ ಹೊತ್ತು ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಹೋಗಿ ಒಲೆಗೆ ಸೌದೆ ತಳ್ಳಿದಳು. ಪರಮಶಿವಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಊರೊಳಗೆ ಹೊರಟುಹೋದರು.

ಮುಂದಿನ ಮೂರು ದಿನ ನಾನು ಕೆಲಸಕ್ಕೆ ಬಾರದವನಾಗಿಬಿಟ್ಟೆ. ಟಾರ್ಚಿಗೆ ಸ್ಪ್ರಿಂಗು ತಲೆಕೆಳಗಾಗಿ ಹಾಕಿದೆ. ಊಟದ ಡಬ್ಬಿ ತೆರೆದಿಟ್ಟು ಮರೆತೆ. ಸೊಪ್ಪು ಕೆಟ್ಟರೆ ಅವಳಿಗೆ ಬ್ಯಾರನ್ನು ಹೋಗುತ್ತದೆ. ಅದನ್ನು ಕಳೆದುಕೊಳ್ಳುವಂತೆ ಮಾಡಿದವನನ್ನು ಯಾವ ಹುಡುಗಿ ಇನ್ನೊಮ್ಮೆ ನೋಡುತ್ತಾಳೆ? ನನಗೆ ಅವಳು ಬೇಕಿತ್ತು. ಅಷ್ಟು ಸರಳವಾದ ಮಾತನ್ನು ನನಗೆ ನಾನೇ ಹೇಳಿಕೊಳ್ಳಲು ಮೂರು ದಿನ ಹಿಡಿಯಿತು.

ಬುಧವಾರ ಬೆಳಿಗ್ಗೆ ಬಾಗಿಲು ತೆಗೆಯುತ್ತೇವೆ ಎಂದು ಮೆಸೇಜು ಬಂತು. ಮೊದಲ ಬಸ್ಸಿಗೇ ಹೋದೆ. ಅವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಳು, ನಾನು ಬರುವ ತನಕ ತೆಗೆದಿರಲಿಲ್ಲ. ಪರಮಶಿವಯ್ಯನವರೂ ನಿಂತಿದ್ದರು. ಬಾಗಿಲು ತೆರೆದಾಗ ಬಿಸಿ ಗಾಳಿಯೂ ಬೆಲ್ಲದ ಪಾಕದಂಥ ವಾಸನೆಯೂ ಒಟ್ಟಿಗೆ ಹೊರಬಂದವು.

ಪರಮಶಿವಯ್ಯ ಒಂದು ಎಲೆ ಕಿತ್ತು ಬಿಸಿಲಿಗೆ ಹಿಡಿದರು. ಹೊನ್ನಿನಂಥ ಹಳದಿ, ತುದಿಯಿಂದ ತೊಟ್ಟಿನ ತನಕ. ಮಡಿಸಿದರು, ಮೂಸಿದರು, ಇನ್ನೊಂದು ಕಿತ್ತರು, ಮತ್ತೊಂದು ಕಿತ್ತರು. ಆಮೇಲೆ ಮಗಳ ಕಡೆ ತಿರುಗಿದರು.

"ಉಚ್ಚಯ್ಯಂಗೆ ಏಳ್ಕಳ್ಸವ್ವ, ಬ್ಯಾರನ್ನು ಖಾಲಿ ಇಲ್ಲ ಅಂತ. ಟಾರ್ಚು ಬೇಕಾದ್ರೆ ಇವ್ನತ್ರ ಸಿಗ್ತದೆ ಅಂತ್ಲೂ ಏಳು."

ನಾನು ಸೌದೆ ರಾಶಿಯ ಮೇಲೆ ಕೂತುಬಿಟ್ಟೆ. ಪ್ರತಿಭಾ ಬಂದು ಪಕ್ಕದಲ್ಲಿ, ಒಂದು ಗೇಣು ಬಿಟ್ಟು ಕೂತಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿದಿರಲಿಲ್ಲ. ವೇಲಿನ ತುದಿಯಿಂದ ಮುಖ ಒರೆಸಿಕೊಂಡಳು.

"ಯಾಕ್ರೀ, ಹಿಂಗೆ ಕುಂತ್ಬುಟ್ರಿ?"

"ಕೆಟ್ಟಿದ್ರೆ ಇಲ್ಲಿಗೆ ಬರೋ ಮುಖ ಇರ್ತಿರಲಿಲ್ಲ ನನಗೆ. ಮೂರು ದಿನದಿಂದ ಅದೇ ಭಯ. ನಿಮ್ಮನ್ನ ನೋಡ್ದೆ ಇರೋಕೆ ನನ್ನಿಂದ ಆಗಲ್ಲ ಪ್ರತಿಭಾ."

ಅವಳು ಕೈಯಲ್ಲಿದ್ದ ಎಲೆಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಕೆಟ್ಟಿದ್ರೂ ನಿಮ್ಮನ್ನ ಬಿಡ್ತಿರಲಿಲ್ಲ ನಾನು. ಚೆನ್ನಾಗಿ ಬೈದು, ಆಮೇಲೆ ಒಪ್ಕತಿದ್ದೆ." ಎಲೆಯನ್ನು ಮಡಿಲಲ್ಲಿಟ್ಟು, "ಬ್ಯಾರನ್ನು ಬಿಟ್ಟು ಹಾಸನಕ್ಕೆ ಮಾತ್ರ ಬರಲ್ಲ. ಈಗ್ಲೇ ಹೇಳಿರ್ತೀನಿ," ಎಂದಳು.

"ಸೋಲ್ಡರ್ ಯಾವ ಊರಲ್ಲಿ ಹಚ್ಚಿದ್ರೂ ಬಿಸಿ ಆಗ್ತದೆ. ಶೆಡ್ಡಿಗೆ ಮುದ್ದಮ್ಮ ಇದ್ದಾಳೆ. ಸೊಪ್ಪಿನ ಕಾಲಕ್ಕೆ ನಾನೇ ಇಲ್ಲಿಗೆ ಬರ್ತೀನಿ."

ನಡುವೆ ಇದ್ದ ಗೇಣನ್ನು ಅವಳೇ ಸರಿದು ಇಲ್ಲವಾಗಿಸಿದಳು. ಬ್ಯಾರನ್ನಿನ ಒಳಗಿನಿಂದ ಪರಮಶಿವಯ್ಯ ಕೆಮ್ಮಿದರು.

"ನಂಗೂ ಕಿವಿ ಅವೆ," ಎಂದರು. "ಏನಪ್ಪಾ, ನಿಮ್ಮನೆ ಇರೀಕರ್ನ ಕರ್ಕಂಡು ಸೋಮವಾರ ಬಾ. ಈಗ ಇಬ್ರೂ ಬಂದು ಸೊಪ್ಪು ಇಳಿಸ್ರಿ."

ಆಗಲಿ ಯಜಮಾನ್ರೆ ಎಂದು ನಾನು ಎದ್ದೆ. ಪ್ರತಿಭಾ ಏಳಲಿಲ್ಲ. ನನ್ನ ಅಂಗಿಯ ತೋಳು ಹಿಡಿದುಕೊಂಡೇ ಒಳಗಿನ ಕತ್ತಲೆಯ ಕಡೆ ನೋಡಿ ಹೇಳಿದಳು, "ಅಪ್ಪಾ, ಸೋಮವಾರಕ್ಕೆ ಇನ್ನೂ ಐದು ದಿನ ಅದೆ. ನಾಳೆ ಬಂದ್ರೆ ಆಗಲ್ವಾ?"